ಎರಡು ಬೈಟಿನ ತಪ್ಪು, ಎರಡು ತಿಂಗಳ ತಡ

ಮುಳಬಾಗಿಲು ಬಿಟ್ಟು ನಂಗಲಿ ದಾಟಿದರೆ ಆಂಧ್ರದ ಚಿತ್ತೂರು ಜಿಲ್ಲೆ. 2017ರ ಮೇ 13ರ ಶನಿವಾರ ಆ ಜಿಲ್ಲೆಯ ಪೊಲೀಸ್ ಕಚೇರಿಗಳ ಕೆಲವು ಕಂಪ್ಯೂಟರ್‌ಗಳಲ್ಲಿ ಇದ್ದಕ್ಕಿದ್ದಂತೆ ಕೆಂಪು ಕಿಟಕಿಯೊಂದು ತೆರೆದುಕೊಂಡಿತು. ಕಡತಗಳಿಗೆಲ್ಲ ಬೀಗ ಬಿದ್ದಿದೆ, ಬಿಡಿಸಿಕೊಳ್ಳಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಡಿ, ಮೂರು ದಿನ ಕಳೆದರೆ ದುಪ್ಪಟ್ಟು ಎಂಬ ಬೆದರಿಕೆ ಅದರಲ್ಲಿತ್ತು. ಕೃಷ್ಣಾ, ಗುಂಟೂರು, ವಿಶಾಖಪಟ್ಟಣ, ಶ್ರೀಕಾಕುಳಂ ಜಿಲ್ಲೆಗಳ ಪೊಲೀಸರಿಗೂ ಇದೇ ಗತಿ. ಕೆಲವೇ ದಿನಗಳಲ್ಲಿ ತಿರುಮಲ ತಿರುಪತಿ ದೇವಸ್ಥಾನದ ಆಡಳಿತ ಕಚೇರಿಯ ಕೆಲವು ಹಳೆಯ ಯಂತ್ರಗಳಿಗೂ ಅದು ತಗುಲಿತು. ಕೇರಳದ ವಯನಾಡಿನಲ್ಲಿ ಗ್ರಾಮ ಪಂಚಾಯಿತಿಯೊಂದರ ಕಂಪ್ಯೂಟರ್‌ಗಳನ್ನೂ ಬಿಡಲಿಲ್ಲ. ಬ್ರಿಟನ್‌ನಲ್ಲಂತೂ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು.

ಅದರ ಹೆಸರು ವಾನಾಕ್ರೈ. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಅದಕ್ಕೆ ಸಿಕ್ಕಿದವು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಕಂಪ್ಯೂಟರ್ ಜಾಲದಲ್ಲಿದ್ದರೆ ಸಾಕು, ಪಕ್ಕದ ಯಂತ್ರದಿಂದ ತಾನಾಗಿಯೇ ನುಗ್ಗುತ್ತಿತ್ತು.

ನುಗ್ಗಿದ್ದು ಎಲ್ಲಿಂದ? ಆಪರೇಟಿಂಗ್ ಸಿಸ್ಟಂನ ಒಳಗಿನ ಗರ್ಭಭಾಗಕ್ಕೆ ಕರ್ನೆಲ್ ಎನ್ನುತ್ತಾರೆ. ಮೆಮೊರಿ, ಡಿಸ್ಕ್, ಜಾಲ ಎಲ್ಲವೂ ಅದರ ಅಂಕೆಯಲ್ಲಿರುತ್ತವೆ. ಬ್ರೌಸರ್‌ನಲ್ಲಿ ದೋಷವಿದ್ದರೆ ಕಳ್ಳನ ಕೈಗೆ ಸಾಮಾನ್ಯವಾಗಿ ಆ ಬ್ರೌಸರ್‌ನ ಮಟ್ಟಿನ ಅಧಿಕಾರ ಸಿಗುತ್ತದೆ. ಕರ್ನೆಲ್‌ನಲ್ಲಿದ್ದರೆ ಇಡೀ ಯಂತ್ರವೇ ಅವನದು. ವಿಂಡೋಸ್‌ನಲ್ಲಿ ಕಡತಗಳನ್ನೂ ಪ್ರಿಂಟರನ್ನೂ ಜಾಲದ ಮೇಲೆ ಹಂಚಿಕೊಳ್ಳಲು ಎಸ್‌ಎಂಬಿ ಎಂಬ ಹಳೆಯ ವ್ಯವಸ್ಥೆಯಿದೆ. ಅದರ ಮೊದಲ ಆವೃತ್ತಿಯನ್ನು ನೋಡಿಕೊಳ್ಳುತ್ತಿದ್ದ ಡ್ರೈವರ್ ಎಂಬ ತಂತ್ರಾಂಶ ಕರ್ನೆಲ್‌ನ ಒಳಗೇ ಓಡುತ್ತಿತ್ತು. ದೋಷ ಇದ್ದದ್ದು ಅಲ್ಲಿ.

ದೋಷವನ್ನು ಹತ್ತಿರದಿಂದ ನೋಡಿದರೆ ನಗು ಬರುತ್ತದೆ. ಕೋಲಾರದ ಟೊಮೆಟೊ ಮಂಡಿಯ ಗುಮಾಸ್ತರೊಬ್ಬರು ಪುಸ್ತಕದಲ್ಲಿ 10000 ಬಾಕ್ಸ್ ಎಂದು ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಐವತ್ತು ಬಾಕ್ಸ್ ಕೊಳೆತವು, 9950 ಎಂದು ತಿದ್ದಬೇಕು. ಅವರು ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ಅಳಿಸಿ 9950 ಬರೆದರು, ಮೊದಲಿನ 1 ಹಾಗೇ ಉಳಿಯಿತು. ಕಡಿಮೆಯಾಗಬೇಕಿದ್ದ ಲೆಕ್ಕ 19950 ಆಯಿತು! ವಿಂಡೋಸ್ ಮಾಡಿದ್ದೂ ಇದನ್ನೇ. ಜಾಲದಿಂದ ಬಂದ ಒಂದು ಪಟ್ಟಿಯ ಗಾತ್ರವನ್ನು ನಾಲ್ಕು ಬೈಟ್‌ಗಳಲ್ಲಿ ಇಟ್ಟುಕೊಂಡಿತ್ತು. ಪಟ್ಟಿಯ ಬಾಲದಲ್ಲಿದ್ದ ಕೆಟ್ಟ ಭಾಗವನ್ನು ಕತ್ತರಿಸಿ ಗಾತ್ರ ತಿದ್ದುವಾಗ ಮಾತ್ರ ಕೆಳಗಿನ ಎರಡೇ ಬೈಟ್‌ಗಳನ್ನು ಬರೆಯಿತು. ದಾಳಿಕೋರರು ಬೇಕೆಂದೇ 65536 ಎಂಬ ಗಾತ್ರ ಕಳಿಸುತ್ತಿದ್ದರು. ಅದು 65373ಕ್ಕೆ ಇಳಿಯುವ ಬದಲು 130909ಕ್ಕೆ ಏರುತ್ತಿತ್ತು. ಮೆಮೊರಿಯಲ್ಲಿ ಕಾದಿರಿಸಿದ ಜಾಗ ಚಿಕ್ಕ ಲೆಕ್ಕದ್ದು, ತುಂಬಿದ್ದು ದೊಡ್ಡ ಲೆಕ್ಕದ್ದು. ಹೆಚ್ಚಾದದ್ದು ಪಕ್ಕದ ಜಾಗಕ್ಕೆ ಉಕ್ಕಿ, ಅಲ್ಲಿದ್ದುದನ್ನು ಅಳಿಸಿ ಕೂರುತ್ತಿತ್ತು. ಪಕ್ಕದಲ್ಲಿ ಏನಿರಬೇಕೆಂಬುದನ್ನೂ ದಾಳಿಕೋರರು ಮೊದಲೇ ಹೊಂದಿಸಿಟ್ಟಿರುತ್ತಿದ್ದರು. ಇದರ ಜೊತೆಗೆ ಇನ್ನೆರಡು ದೋಷಗಳೂ ಅವರ ಕೈಹಿಡಿದವು.

ಈ ದಾಳಿಯ ಸಲಕರಣೆಯನ್ನು ಮೊದಲು ತಯಾರಿಸಿದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ. ಅದಕ್ಕೆ ಎಟರ್ನಲ್‌ಬ್ಲೂ ಎಂಬ ಹೆಸರಿಟ್ಟು, ದೋಷದ ವಿಷಯ ಮೈಕ್ರೋಸಾಫ್ಟ್‌ಗೆ ಹೇಳದೆ ಬಹುಕಾಲ ಬೇಹುಗಾರಿಕೆಗೆ ಬಳಸಿಕೊಂಡಿತು. 2017ರ ಏಪ್ರಿಲ್ 14ರಂದು ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು ಅದನ್ನು ಬಯಲಿಗೆ ಚೆಲ್ಲಿತು. ತೂತು ಕಂಡವರು ಮುಚ್ಚಿಸದೆ ಅದರಲ್ಲೇ ಓಡಾಡುತ್ತಿದ್ದುದರ ದಂಡವನ್ನು ಚಿತ್ತೂರಿನ ಪೊಲೀಸರೂ ವಯನಾಡಿನ ಪಂಚಾಯಿತಿಯೂ ತೆತ್ತಂತಾಯಿತು.

ಆದರೆ ಮದ್ದು ಅಷ್ಟರಲ್ಲಾಗಲೇ ಸಿದ್ಧವಿತ್ತು. ಸೋರಿಕೆಗೂ ಒಂದು ತಿಂಗಳು ಮೊದಲೇ, ಮಾರ್ಚ್ 14ರಂದು, ಮೈಕ್ರೋಸಾಫ್ಟ್ ಎಂಎಸ್17-010 ಎಂಬ ತಿದ್ದುಪಡಿ ಬಿಡುಗಡೆ ಮಾಡಿತ್ತು. ಗಾತ್ರ ತಿದ್ದುವ ಆ ಕೋಡ್ ಸಾಲಿನ ಮಟ್ಟಿಗೆ ಪರಿಹಾರ ಇಷ್ಟೇ: ಎರಡು ಬೈಟ್ ಬರೆಯುವ ಕಡೆ ನಾಲ್ಕನ್ನೂ ಬರೆ. ಸಾಲು ತಿದ್ದುವುದು ಸುಲಭ, ಅದನ್ನು ಕೋಟ್ಯಂತರ ಯಂತ್ರಗಳಿಗೆ ಮುಟ್ಟಿಸುವುದು ಕಷ್ಟ. ಕರ್ನೆಲ್‌ನ ಭಾಗಗಳು ಯಂತ್ರ ಚಾಲೂ ಆದಾಗಿನಿಂದ ಮೆಮೊರಿಯಲ್ಲೇ ಇರುತ್ತವೆ. ಡಿಸ್ಕಿಗೆ ಹೊಸ ಪ್ರತಿ ಬಂದರೂ ಓಡುತ್ತಿರುವುದು ಹಳೆಯದೇ. ರೀಸ್ಟಾರ್ಟ್ ಮಾಡಿ ಎಂದು ಕಂಪ್ಯೂಟರ್ ಪದೇಪದೇ ಕೇಳುವುದು ಅದಕ್ಕೇ. ಓಡುತ್ತಿರುವಾಗಲೇ ಕರ್ನೆಲ್‌ಗೆ ತೇಪೆ ಹಾಕುವ ಸೌಲಭ್ಯ 2015ರಲ್ಲಿ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನ 4.0 ಆವೃತ್ತಿಗೆ ಸೇರಿತಾದರೂ ಅದು ಹೆಚ್ಚಾಗಿ ದೊಡ್ಡ ಸರ್ವರ್‌ಗಳ ಬಾಬತ್ತು. ಮೇಜಿನ ಮೇಲಿನ ಪಿಸಿಗೆ ಸಾಮಾನ್ಯವಾಗಿ ರೀಸ್ಟಾರ್ಟೇ ಗತಿ.

ಆಗ ಎಲ್ಲರೂ ಬೈದದ್ದು ವಿಂಡೋಸ್ ಎಕ್ಸ್‌ಪಿಯನ್ನು. 2014ರ ಏಪ್ರಿಲ್‌ನಲ್ಲೇ ಅದಕ್ಕೆ ಬೆಂಬಲ ನಿಂತಿತ್ತು ನಿಜ. ಮೈಕ್ರೋಸಾಫ್ಟ್ ತನ್ನ ನಿಯಮ ಮುರಿದು ಅದಕ್ಕೂ ತುರ್ತು ತಿದ್ದುಪಡಿ ಕೊಟ್ಟಿತು. ಆದರೆ ಕಂಪ್ಯೂಟರ್ ಭದ್ರತಾ ಸಂಸ್ಥೆ ಕ್ಯಾಸ್ಪರ್‌ಸ್ಕಿ ಲೆಕ್ಕ ಹಾಕಿದಾಗ ಸೋಂಕು ತಗುಲಿದ ಯಂತ್ರಗಳಲ್ಲಿ ಶೇ 98ರಷ್ಟು ವಿಂಡೋಸ್ 7ರವು. ಅಂದರೆ ತಿದ್ದುಪಡಿ ಎರಡು ತಿಂಗಳಿಂದ ಲಭ್ಯವಿದ್ದು, ಹಾಕಿಕೊಳ್ಳದೆ ಬಿಟ್ಟವು. ಎಕ್ಸ್‌ಪಿಯ ಮೇಲೆ ಹೊರಿಸಿದ ತಪ್ಪಿನ ದೊಡ್ಡ ಪಾಲು ಸಲ್ಲಬೇಕಾದದ್ದು 'ಆಮೇಲೆ ನೆನಪಿಸು' ಎಂಬ ಗುಂಡಿಗೆ.

ಈಗ ಕ್ಯಾಲನೂರಿನಂಥ ಊರಲ್ಲೂ ಪಹಣಿ, ಪಿಂಚಣಿ, ಬೆಳೆ ವಿಮೆ ಎಲ್ಲಕ್ಕೂ ಕಂಪ್ಯೂಟರ್ ಮುಂದೆಯೇ ನಿಲ್ಲಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಅಂಗಡಿ, ಸಂಘ, ಸೇವಾ ಕೇಂದ್ರದ ಯಂತ್ರದಲ್ಲಿ ಯಾವ ಆವೃತ್ತಿಯಿದೆ, ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ನೋಡಿ. ರೀಸ್ಟಾರ್ಟ್ ಬಾಕಿಯಿದ್ದರೆ ಸಂಜೆ ಬೀಗ ಹಾಕುವ ಮುಂಚೆ ಮಾಡಿಬಿಡಿ.