ಸಿ ಡ್ರೈವ್ ಕೆಂಪಾದಾಗ ಜಾಗ ಎಲ್ಲಿಂದ ತರೋದು?

ಪಾರ್ಟಿಷನ್ ಅಂದ ತಕ್ಷಣ ಊರಲ್ಲಿರೋ ಹಿರಿಯರಿಗೆ ನೆನಪಾಗೋದು ಅಣ್ಣತಮ್ಮಂದಿರ ಜಮೀನು, ಸರ್ವೆ ಕಲ್ಲು, ಕೋರ್ಟು. ನಮಗೆ ನೆನಪಾಗೋದು ಲ್ಯಾಪ್‌ಟಾಪ್‌ನ ಸಿ ಮತ್ತು ಡಿ. ಜಗಳ ಮಾತ್ರ ಎರಡೂ ಕಡೆ ಗಡಿಯದ್ದೇ.

ಸಿ ಡ್ರೈವ್ 100 ಜಿಬಿ, ಪಟ್ಟಿ ಪೂರ್ತಿ ಕೆಂಪು, ವಿಂಡೋಸ್ ಅಪ್‌ಡೇಟ್‌ಗೆ ಜಾಗ ಇಲ್ಲ. ಪಕ್ಕದ ಡಿಯಲ್ಲಿ 300 ಜಿಬಿ ಆರಾಮಾಗಿ ಖಾಲಿ ಬಿದ್ದಿದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಡಿ ಮೇಲೆ ‘ಶ್ರಿಂಕ್ ವಾಲ್ಯೂಮ್’ ಒತ್ತಿದರೆ 50 ಜಿಬಿ ಬಿಡುಗಡೆಯೂ ಆಗುತ್ತೆ. ಆದರೆ ಸಿಯ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಂಕಾಗಿಯೇ ಇರುತ್ತೆ. ತುಂಬಾ ಜನ ಇಲ್ಲೇ ತಲೆ ಕೆಡಿಸಿಕೊಳ್ಳೋದು.

ಕಾರಣ ಸರಳ. ಡಿ ಕುಗ್ಗಿದಾಗ ಜಾಗ ಸಿಗೋದು ಅದರ ಬಲತುದಿಯಲ್ಲಿ. ವಿಂಡೋಸ್‌ಗೆ ಬೇಕಿರೋದು ಸಿಯ ಬಲಕ್ಕೆ ಅಂಟಿಕೊಂಡ ಜಾಗ. ನಡುವೆ ಇಡೀ ಡಿ ಕೂತಿದೆ. ಪಕ್ಕದ ಮನೆಯವರು ತಮ್ಮ ಹಿತ್ತಲನ್ನು ಬಿಟ್ಟುಕೊಟ್ಟರೆ ನಿಮ್ಮ ಹಾಲ್ ದೊಡ್ಡದಾಗಲ್ಲವಲ್ಲ!

ದಾರಿ ಎರಡು. ಡಿಯಲ್ಲಿರೋದನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಡಿಯನ್ನು ಅಳಿಸಿ, ಸಿಯನ್ನು ಬೆಳೆಸಿ, ಉಳಿದ ಜಾಗದಲ್ಲಿ ಹೊಸ ಡಿ ಮಾಡೋದು ಒಂದು. ಡಿಯನ್ನೇ ಬಲಕ್ಕೆ ಸರಿಸೋ ಬೇರೆ ಸಾಫ್ಟ್‌ವೇರ್ ಬಳಸೋದು ಇನ್ನೊಂದು. ಅದು ಡೇಟಾವನ್ನೆಲ್ಲ ನಿಜವಾಗಿ ಎತ್ತಿ ಇಡುತ್ತೆ, ಗಂಟೆಗಟ್ಟಲೆ ಹಿಡಿಯಬಹುದು, ಮಧ್ಯೆ ಕರೆಂಟ್ ಹೋದರೆ ಅಪ್ಪ-ಅಮ್ಮನ ಹಳೇ ಫೋಟೊ ಸಮೇತ ಎಲ್ಲ ಹೋಗಬಹುದು. ನನ್ನ ಓಟು ಮೊದಲನೆಯದಕ್ಕೆ. ಎರಡನೆಯದಕ್ಕೂ ಬ್ಯಾಕಪ್ ಬೇಕೇ ಬೇಕು ಅಂದಮೇಲೆ ಉಳಿತಾಯವಾದರೂ ಏನು?

ಇನ್ನೊಂದು ಕಿರಿಕಿರಿ ಇದೆ. 200 ಜಿಬಿ ಖಾಲಿ ಇದ್ದರೂ ‘20 ಜಿಬಿ ಮಾತ್ರ ಕುಗ್ಗಿಸಬಹುದು’ ಅನ್ನುತ್ತೆ. ಪೇಜ್ ಫೈಲ್, ಹೈಬರ್ನೇಷನ್ ಫೈಲ್‌ನಂಥವು ಸರಿಸಲಾಗದ ಫೈಲ್‌ಗಳು. ಅವು ಎಲ್ಲಿ ಕೂತಿವೆಯೋ ಅಲ್ಲಿಗೇ ಗಡಿ. ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ. ಬಿಟ್‌ಲಾಕರ್ ಆನ್ ಇದ್ದರೆ ಇದಕ್ಕೆಲ್ಲ ಕೈ ಹಾಕೋ ಮುಂಚೆ ರಿಕವರಿ ಕೀಯನ್ನು ಫೋನಲ್ಲೋ ಕಾಗದದ ಮೇಲೋ ಇಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿದರೆ ಬೀಗದ ಕೈಯನ್ನು ಬೀರು ಒಳಗೇ ಇಟ್ಟ ಹಾಗೆ.

ಫಾರ್ಮ್ಯಾಟ್ ಬಗ್ಗೆಯೂ ಎರಡು ಮಾತು. ಹಳೇ ಹಾರ್ಡ್ ಡಿಸ್ಕ್ ಮಾರೋವಾಗ ಕ್ವಿಕ್ ಫಾರ್ಮ್ಯಾಟ್ ಸಾಲದು. ಅದು ಪುಸ್ತಕದ ವಿಷಯಸೂಚಿ ಹರಿದಂತೆ, ಪುಟಗಳೆಲ್ಲ ಹಾಗೇ ಇರುತ್ತವೆ. ಕ್ವಿಕ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ ವಿಂಡೋಸ್ ಡಿಸ್ಕ್ ತುಂಬ ಸೊನ್ನೆ ಬರೆಯುತ್ತೆ. ರಾತ್ರಿ ಮಲಗೋ ಮುಂಚೆ ಶುರು ಮಾಡಿ.

ವಿಂಡೋಸ್ ಒಳಗಿನ ಡ್ರೈವ್‌ಗೆ ಎನ್‌ಟಿಎಫ್‌ಎಸ್ ಸಾಕು. ಪೆನ್ ಡ್ರೈವ್‌ಗೆ ಫ್ಯಾಟ್32 ಹಾಕಿದರೆ 4 ಜಿಬಿ ಮೀರಿದ ಒಂದೇ ಫೈಲ್ ಹಿಡಿಸಲ್ಲ, ಅಕ್ಕನ ಮದುವೆ ವಿಡಿಯೊ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಮ್ಯಾಕ್‌ಗೂ ಕೊಡೋದಿದ್ದರೆ ಎಕ್ಸ್‌ಫ್ಯಾಟ್ ಆರಿಸಿ, ಕೀಳೋ ಮುಂಚೆ ಇಜೆಕ್ಟ್ ಒತ್ತಿ.