ಗುಮಾಸ್ತೆ ರಜೆಯಲ್ಲಿದ್ದಾಗ ಸಂಬಳ, ಭವಿಷ್ಯನಿಧಿ ನಿಲ್ಲದಿರಲಿ

ಕುಣಿಗಲ್ ದೊಡ್ಡಕೆರೆಯಂಥ ಕೆರೆಯ ಕೆಳಗೆ ಗದ್ದೆ ಮಾಡುವ ರೈತರಿಗೆ ನೀರುಗಂಟಿಯ ಬೆಲೆ ಗೊತ್ತು. ಆತ ನೆಂಟರ ಊರಿಗೆ ಹೊರಟರೆ ತೂಬಿನ ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಿ ಹೋಗುತ್ತಾನೆ. ಆದರೆ ನಾವೇ ಷೇರು ಹಾಕಿ ಕಟ್ಟಿದ ರೈತ ಉತ್ಪಾದಕರ ಕಂಪನಿಗಳಲ್ಲಿ, ತೆಂಗು ಮತ್ತು ಅಡಿಕೆ ಸಂಸ್ಕರಣ ಘಟಕಗಳಲ್ಲಿ ಈ ಎಚ್ಚರ ಎಷ್ಟರಮಟ್ಟಿಗಿದೆ? ಹಾಜರಿ ಬರೆಯುವುದು, ಸಂಬಳದ ಪಟ್ಟಿ ಮಾಡುವುದು, ಭವಿಷ್ಯನಿಧಿ ಕಟ್ಟುವುದು ಎಲ್ಲವೂ ಒಬ್ಬ ಗುಮಾಸ್ತೆಯ ಕೈಯಲ್ಲಿರುತ್ತದೆ. ಆಕೆ ರಜೆ ಹೋದರೆ ಕೆಲಸಗಾರರ ಬಟವಾಡೆಯೇ ನಿಲ್ಲುತ್ತದೆ. ಇದು ಆಕೆಯ ತಪ್ಪಲ್ಲ, ಆಡಳಿತ ಮಂಡಳಿಯ ತಪ್ಪು.

ಯಾರಿಗೆ ಅನ್ವಯ?

20 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ನೌಕರರ ಭವಿಷ್ಯನಿಧಿ ಅನ್ವಯಿಸುತ್ತದೆ. 50ಕ್ಕಿಂತ ಕಡಿಮೆ ಜನರಿದ್ದು, ವಿದ್ಯುತ್ ಯಂತ್ರಗಳ ಸಹಾಯವಿಲ್ಲದೆ ನಡೆಯುವ ಸಹಕಾರ ಸಂಘಗಳಿಗೆ ವಿನಾಯಿತಿ ಇದೆ. ಸಂಬಳಕ್ಕೆ ಮಾತ್ರ ಇಂಥ ಮಿತಿ ಇಲ್ಲ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೊಡಬೇಕು. ಭವಿಷ್ಯನಿಧಿಯನ್ನು 15ನೆಯ ತಾರೀಖಿನೊಳಗೆ ಕಟ್ಟಬೇಕು. ಗುಮಾಸ್ತೆ ರಜೆಯಲ್ಲಿದ್ದಾರೆ ಎಂಬ ಕಾರಣಕ್ಕೆ ಈ ತಾರೀಖುಗಳು ಮುಂದೆ ಹೋಗುವುದಿಲ್ಲ.

ಒಂದು ಲೆಕ್ಕ

ಗುಬ್ಬಿ ತಾಲ್ಲೂಕಿನ ಒಂದು ತೆಂಗು ಸಂಸ್ಕರಣ ಘಟಕದಲ್ಲಿ 22 ಜನರಿದ್ದು, ಪ್ರತಿಯೊಬ್ಬರ ಸಂಬಳ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕೆಲಸಗಾರನ ವಂತಿಗೆ ಶೇಕಡ 12, ಅಂದರೆ 1,440 ರೂ. ಘಟಕದ ವಂತಿಗೆಯೂ ಅಷ್ಟೇ. ಘಟಕದ ಪಾಲಿನಲ್ಲಿ ಸುಮಾರು 1,000 ರೂ. ಪಿಂಚಣಿ ನಿಧಿಗೂ, ಉಳಿದ 440 ರೂ. ಭವಿಷ್ಯನಿಧಿಗೂ ಸೇರುತ್ತದೆ. ಇದಲ್ಲದೆ ಘಟಕವು ವಿಮೆಗೆ ಶೇಕಡ ಅರ್ಧ, ಆಡಳಿತ ವೆಚ್ಚಕ್ಕೆ ಶೇಕಡ ಅರ್ಧ ಕಟ್ಟಬೇಕು. ಎಲ್ಲ ಸೇರಿ ತಿಂಗಳಿಗೆ 66,000 ರೂ. ಆಗುತ್ತದೆ.

ಇದನ್ನು ತಡಮಾಡಿದರೆ ವರ್ಷಕ್ಕೆ ಶೇಕಡ 12ರಂತೆ ಬಡ್ಡಿ ಬೀಳುತ್ತದೆ. ಜೊತೆಗೆ 2024ರ ಜೂನ್‌ನಲ್ಲಿ ಗೊತ್ತುಪಡಿಸಿದಂತೆ ತಿಂಗಳಿಗೆ ಶೇಕಡ 1ರ ದಂಡವೂ ಉಂಟು. ಒಂದು ತಿಂಗಳ ತಡಕ್ಕೆ ಸುಮಾರು 1,320 ರೂ. ನಷ್ಟ. ಈ ನಷ್ಟವನ್ನಾಗಲಿ ಘಟಕದ ಪಾಲನ್ನಾಗಲಿ ಕೆಲಸಗಾರರ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ.

ಹಣಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಸಂಬಳದಲ್ಲಿ ಮುರಿದ 1,440 ರೂ. ಕಂಪನಿಯದಲ್ಲ, ಕಾಯಿ ಸುಲಿಯುವವನ ಮುಪ್ಪಿನ ಗಂಟು. 10 ವರ್ಷದ ಸೇವೆ ತುಂಬಿದವನಿಗೆ 58ನೆಯ ವಯಸ್ಸಿನಿಂದ ಪಿಂಚಣಿ ಉಂಟು. ಲೆಕ್ಕದಲ್ಲಿ ತಿಂಗಳುಗಳು ಬಿಟ್ಟುಹೋದರೆ, ಅವನ್ನು ಸರಿಪಡಿಸಿಕೊಳ್ಳಲು ಆ ಬಡವನೇ ಕಚೇರಿ ಅಲೆಯಬೇಕಾಗುತ್ತದೆ.

ಮುಂಚಿತವಾಗಿ ಮಾಡಬೇಕಾದ ಕೆಲಸಗಳು

ಮಹಿಳಾ ನೌಕರರಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ 2017ರಿಂದ ಇದೆ. ಅಂದರೆ ಆರು ಬಟವಾಡೆ, ಆರು ಸಲದ ಪಾವತಿ. ಇಂಥ ರಜೆ ತಿಂಗಳುಗಳ ಮುಂಚೆಯೇ ತಿಳಿದಿರುತ್ತದೆ. ಆದರೆ ಕಾಯಿಲೆ, ಸಾವು ಹೇಳಿ ಬರುವುದಿಲ್ಲ. ಆದ್ದರಿಂದ ಈ ಕೆಳಗಿನ ಏರ್ಪಾಡು ಸದಾ ಸಿದ್ಧವಿರತಕ್ಕದ್ದು.

1. ಇನ್ನೊಬ್ಬ ನೌಕರನನ್ನು ಬದಲಿಯಾಗಿ ಗೊತ್ತುಮಾಡಿ, ಮಂಡಳಿಯ ಸಭೆಯಲ್ಲಿ ಠರಾವು ಬರೆಯಿರಿ.

2. ತಿಂಗಳ ಕೆಲಸವನ್ನು ತಾರೀಖಿನ ಪ್ರಕಾರ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿಡಿ: ಹಾಜರಿ ಮುಗಿಸುವ ದಿನ, ಪಟ್ಟಿ ತಯಾರಿಸುವ ದಿನ, ಬಟವಾಡೆ, ಚಲನ್ ಕಟ್ಟುವ ದಿನ.

3. ಗುಮಾಸ್ತೆ ಎದುರಿಗಿರುವಾಗಲೇ ಬದಲಿ ನೌಕರ ಒಂದು ತಿಂಗಳ ಪಟ್ಟಿಯನ್ನು ತಾನೇ ಮಾಡಲಿ. ನೋಡಿ ಕಲಿತದ್ದು ಸಾಲದು, ಮಾಡಿಯೇ ಕಲಿಯಬೇಕು.

4. ಭವಿಷ್ಯನಿಧಿಯ ಜಾಲತಾಣಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಗುಮಾಸ್ತೆಯ ಸ್ವಂತದ್ದಾಗಿರದೆ ಕಂಪನಿಯದಾಗಿರಲಿ. ಇಲ್ಲವಾದರೆ ಬಾಣಂತಿಯನ್ನು ಎಬ್ಬಿಸಿ ಗುಪ್ತ ಸಂಖ್ಯೆ ಕೇಳುವ ಪರಿಸ್ಥಿತಿ ಬರುತ್ತದೆ.

5. ಬ್ಯಾಂಕಿನ ಖಾತೆಯಲ್ಲಿ ಸಹಿಗೆ ಇಬ್ಬರಿಗಿಂತ ಹೆಚ್ಚು ನಿರ್ದೇಶಕರ ಹೆಸರಿರಲಿ. ಜಾತ್ರೆ, ಮದುವೆಯ ದಿನಗಳಲ್ಲಿ ಸಹಿದಾರನೂ ಊರಲ್ಲಿರುವುದಿಲ್ಲ.

6. ಮುಂಗಡ ಪಡೆದವರು, ಹೊಸದಾಗಿ ಸೇರಿದವರು, ಬಿಟ್ಟುಹೋದವರ ವಿವರ ಗುಮಾಸ್ತೆಯ ನೆನಪಿನಲ್ಲಿದ್ದರೆ ಸಾಲದು, ಪುಸ್ತಕದಲ್ಲಿರಬೇಕು.

ಏರ್ಪಾಡಾಗದೆ ರಜೆ ಬಂದೇಬಿಟ್ಟರೆ, ಹಿಂದಿನ ತಿಂಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಹಾಜರಿ ಪುಸ್ತಕಕ್ಕೆ ತಾಳೆ ನೋಡಿ ಹೊಸ ಪಟ್ಟಿ ಮಾಡಿರಿ. ಸಂಬಳ ಮೊದಲು ಕೊಡಿ. ಭವಿಷ್ಯನಿಧಿಯ ಹಣವನ್ನು ಅದೇ ದಿನ ಬೇರೆಯಾಗಿ ಎತ್ತಿಡಿ, ಗೊಬ್ಬರದ ಬಾಕಿಗೆ ಮುಟ್ಟಬೇಡಿ. ಜಾಲತಾಣದ ತೊಡಕಿದ್ದರೆ 15ನೆಯ ತಾರೀಖಿನವರೆಗೆ ಕಾಯದೆ ಲೆಕ್ಕ ಪರಿಶೋಧಕರನ್ನಾಗಲಿ ತುಮಕೂರಿನ ಭವಿಷ್ಯನಿಧಿ ಕಚೇರಿಯನ್ನಾಗಲಿ ಕಾಣಿರಿ.

ರಜೆಯಿಂದ ಲಾಭವೂ ಇದೆ

ಪಟ್ಟಿ ಮಾಡುವವರು, ತಾಳೆ ನೋಡುವವರು, ಹಣ ಕಳಿಸುವವರು ಒಬ್ಬರೇ ಆಗಿದ್ದರೆ ತಪ್ಪು ಹೊರಬೀಳುವುದಿಲ್ಲ. ಬೇರೊಂದು ಕೈ ಲೆಕ್ಕ ಮುಟ್ಟಿದಾಗ ಎರಡು ಸಲ ಬಿದ್ದ ಹೆಸರು, ತಪ್ಪಾದ ಖಾತೆ ಸಂಖ್ಯೆ ಕಣ್ಣಿಗೆ ಬೀಳುತ್ತವೆ. ಪ್ರಾಮಾಣಿಕ ಗುಮಾಸ್ತೆಗೂ ಇದು ರಕ್ಷಣೆ. ವರ್ಷಕ್ಕೊಂದು ತಿಂಗಳಾದರೂ ಬದಲಿ ನೌಕರನೇ ಬಟವಾಡೆ ಮಾಡುವ ರೂಢಿ ಇಟ್ಟುಕೊಳ್ಳುವುದು ಒಳ್ಳೆಯದು.

ಘಟಕ ನಡೆಸದ ರೈತರಿಗೂ ಒಂದು ಮಾತು. ವಸಂತನರಸಾಪುರ, ಅಂತರಸನಹಳ್ಳಿ, ಅಂಚೇಪಾಳ್ಯದ ಕಾರ್ಖಾನೆಗಳಿಗೆ ನಿಮ್ಮ ಮಕ್ಕಳು ಹೋಗುತ್ತಿದ್ದರೆ, ಭವಿಷ್ಯನಿಧಿಯ ಪಾಸ್ ಪುಸ್ತಕವನ್ನು ಉಮಂಗ್ ಆ್ಯಪ್‌ನಲ್ಲಿ ತಿಂಗಳಿಗೊಮ್ಮೆ ನೋಡಲು ಹೇಳಿ. ಸಂಬಳದ ಚೀಟಿಯಲ್ಲಿ ಮುರಿದ ಹಣ ಅಲ್ಲಿ ಜಮಾ ಆಗಿರಬೇಕು. ಆಗಿಲ್ಲವೆಂದರೆ ಆ ತಿಂಗಳೇ ಕೇಳಬೇಕು.

ಮುಂದಿನ ಮಂಡಳಿ ಸಭೆಯಲ್ಲಿ ನಿರ್ದೇಶಕರು ಒಂದೇ ಪ್ರಶ್ನೆ ಕೇಳಲಿ: ನಾಳೆಯಿಂದ ನಮ್ಮ ಗುಮಾಸ್ತೆ ಬರದಿದ್ದರೆ 7ನೆಯ ತಾರೀಖು ಸಂಬಳ ಕೊಡುವವರು ಯಾರು? ಉತ್ತರವಾಗಿ ಒಂದು ಹೆಸರು ಬರದಿದ್ದರೆ, ಆ ಹೆಸರನ್ನು ಅಂದೇ ಗೊತ್ತುಮಾಡಿ ಠರಾವಿನಲ್ಲಿ ಬರೆದು ಏಳಿರಿ.