ಬ್ರೇಕಿಗೆ ಯಾವ ಗ್ರೀಸ್? ಮಕ್ಕಳನ್ನು ಬೈಕಿನಲ್ಲಿ ಶಾಲೆಗೆ ಕರೆತರುವ ಪಾಲಕರು ತಿಳಿಯಬೇಕಾದ ವಿಷಯ

ಆದವಾನಿ, ಕೌತಾಳಂ, ಹೊಳಗುಂದ, ಕೋಸಿಗಿ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಮುಂದೆ ಬೆಳಿಗ್ಗೆ ನಿಂತು ನೋಡಿದರೆ ಸಾಲಾಗಿ ಬರುವ ಮೋಟಾರ್ ಸೈಕಲ್ಲುಗಳು ಕಾಣುತ್ತವೆ. ತಂದೆಯ ಮುಂದೆ ಟ್ಯಾಂಕಿನ ಮೇಲೆ ಒಂದು ಮಗು, ಹಿಂದೆ ಇನ್ನೊಂದು. ಕೆಲವೊಮ್ಮೆ ಪಕ್ಕದ ಮನೆಯ ಮಗುವೂ ಜೊತೆಗೆ. ಊರಿನಲ್ಲಿ ಕನ್ನಡ ಪ್ರೌಢಶಾಲೆ ಇಲ್ಲದವರಿಗೆ ದೂರದ ಪ್ರಯಾಣ ಅನಿವಾರ್ಯ. ಇಷ್ಟು ಜೀವಗಳ ಭಾರವನ್ನು ತಡೆದು ನಿಲ್ಲಿಸುವುದು ಮುಂಚಕ್ರದ ಬಳಿ ಇರುವ ಮುಷ್ಟಿಗಾತ್ರದ ಒಂದು ಭಾಗ. ಅದನ್ನು ಕ್ಯಾಲಿಪರ್ ಎನ್ನುತ್ತಾರೆ. ಅದರೊಳಗೆ ತಪ್ಪು ಗ್ರೀಸ್ ಹಚ್ಚಿದರೆ ಏನಾಗುತ್ತದೆ ಎಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ.

ಕಳೆದ ಮಳೆಗಾಲದ ನಂತರ ಪಾಲಕರೊಬ್ಬರು ತಮ್ಮ ಬೈಕನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ‘ಮೈಲೇಜ್ ಬರುತ್ತಿಲ್ಲ ಸರ್, ಗಾಡಿ ಹಿಡಿದೆಳೆದಂತಾಗುತ್ತದೆ’ ಎಂದರು. ಮುಂದಿನ ಡಿಸ್ಕಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆವು, ಚುರ್ರೆಂದು ಆವಿಯಾಯಿತು. ಎರಡು ತಿಂಗಳ ಹಿಂದೆ ಬ್ರೇಕ್ ಪ್ಯಾಡ್ ಬದಲಿಸಿದಾಗ ಚಕ್ರದ ಬೇರಿಂಗಿಗೆ ಬಳಸುವ ಗ್ರೀಸನ್ನೇ ಕ್ಯಾಲಿಪರಿನ ಒಳಗೂ ಹಚ್ಚಲಾಗಿತ್ತು. ಹಚ್ಚಿದವರ ಉದ್ದೇಶ ಒಳ್ಳೆಯದೇ ಆಗಿತ್ತು. ಆಯ್ಕೆ ಮಾತ್ರ ತಪ್ಪಾಗಿತ್ತು.

ಕ್ಯಾಲಿಪರ್ ಕೆಲಸ ಮಾಡುವ ಬಗೆ

ನಮ್ಮ ಭಾಗದಲ್ಲಿ ಹೆಚ್ಚಾಗಿ ಓಡುವ ಬೈಕುಗಳ ಮುಂದಿನ ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ ಇರುವುದು ಒಂದೇ ಬದಿಯಲ್ಲಿ. ಲಿವರ್ ಹಿಡಿದಾಗ ಕೊಳವೆಯಲ್ಲಿರುವ ದ್ರವದ ಒತ್ತಡ ಪಿಸ್ಟನ್ನನ್ನು ತಳ್ಳುತ್ತದೆ. ಪ್ರೌಢಶಾಲೆಯ ಮಕ್ಕಳು ಓದುವ ಪ್ಯಾಸ್ಕಲನ ನಿಯಮವೇ ಇಲ್ಲಿ ನಡೆಯುವುದು. ಪಿಸ್ಟನ್ ಒಂದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದರ ಪ್ರತಿಕ್ರಿಯೆಯಾಗಿ ಇಡೀ ಕ್ಯಾಲಿಪರ್ ಎರಡು ಉಕ್ಕಿನ ಪಿನ್ನುಗಳ ಮೇಲೆ ತುಸು ಪಕ್ಕಕ್ಕೆ ಸರಿದು, ಇನ್ನೊಂದು ಬದಿಯ ಪ್ಯಾಡನ್ನೂ ಡಿಸ್ಕಿಗೆ ತಂದು ಒತ್ತುತ್ತದೆ. ಎರಡೂ ಕಡೆಯಿಂದ ಹಿಡಿದಾಗಲೇ ಬ್ರೇಕಿಗೆ ಪೂರ್ಣ ಬಲ.

ಲಿವರ್ ಬಿಟ್ಟಾಗ ಪಿಸ್ಟನ್ ಹಿಂದಕ್ಕೆ ಬರಬೇಕಲ್ಲವೇ? ಅದನ್ನು ಎಳೆಯಲು ಸ್ಪ್ರಿಂಗ್ ಇಲ್ಲ. ಪಿಸ್ಟನ್ನಿನ ಸುತ್ತ ಇರುವ ರಬ್ಬರ್ ಸೀಲ್, ಪಿಸ್ಟನ್ ಮುಂದೆ ಹೋದಾಗ ತುಸು ತಿರುಚಿಕೊಂಡು, ಒತ್ತಡ ಇಳಿದೊಡನೆ ಮೊದಲಿನ ರೂಪಕ್ಕೆ ಮರಳುತ್ತದೆ. ಮರಳುವಾಗ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಆ ಕೂದಲೆಳೆಯ ಅಂತರದಿಂದಲೇ ಚಕ್ರ ಸರಾಗವಾಗಿ ತಿರುಗುತ್ತದೆ. ಆದ್ದರಿಂದ ಆ ರಬ್ಬರಿನ ಆಕಾರ ಕೆಡಬಾರದು, ಪಿನ್ನುಗಳು ಒಣಗಿ ತುಕ್ಕು ಹಿಡಿಯಬಾರದು. ಗ್ರೀಸಿನ ಪ್ರಶ್ನೆ ಹುಟ್ಟುವುದು ಈ ಎರಡು ಕಾರಣಗಳಿಂದ.

‘ಆಯಿಲ್’ ಎಂಬ ಹೆಸರು ಮಾಡುವ ಮೋಸ

ಬ್ರೇಕಿನ ದ್ರವವನ್ನು ನಾವೆಲ್ಲ ‘ಬ್ರೇಕ್ ಆಯಿಲ್’ ಎಂದೇ ಕರೆಯುತ್ತೇವೆ. ಹೆಸರು ಹಾಗಿದ್ದರೂ ಅದು ನೆಲದಾಳದ ಕಚ್ಚಾ ತೈಲದಿಂದ ಬಂದ ಎಣ್ಣೆಯಲ್ಲ. ಡಾಟ್ 3, ಡಾಟ್ 4 ಎಂದು ಬರೆದಿರುವ ದ್ರವಗಳು ಗ್ಲೈಕಾಲ್ ಜಾತಿಯ ರಾಸಾಯನಿಕಗಳು. ಅವುಗಳಿಗೆ ಹೊಂದುವಂತೆ ಕ್ಯಾಲಿಪರಿನ ಸೀಲುಗಳನ್ನು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನಿಂದ ಮಾಡಿರುತ್ತಾರೆ. ಈ ರಬ್ಬರು ಬ್ರೇಕ್ ದ್ರವವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಎಂಜಿನ್ ಆಯಿಲ್, ಸೀಮೆಎಣ್ಣೆ, ಪೆಟ್ರೋಲ್, ಸಾಮಾನ್ಯ ಗ್ರೀಸ್ ಮುಂತಾದ ಖನಿಜ ತೈಲದ ಪದಾರ್ಥಗಳನ್ನು ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ. ಉಬ್ಬಿದ ಸೀಲ್ ಪಿಸ್ಟನ್ನನ್ನು ಹಿಂದಕ್ಕೆ ಬಿಡದು. ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಿರುತ್ತದೆ. ಡಿಸ್ಕ್ ಕಾಯುತ್ತದೆ, ಆ ಶಾಖ ದ್ರವಕ್ಕೂ ತಲುಪುತ್ತದೆ. ದ್ರವ ಕುದಿದು ಆವಿಯ ಗುಳ್ಳೆ ಹುಟ್ಟಿತೆಂದರೆ ಲಿವರ್ ಹ್ಯಾಂಡಲಿನವರೆಗೆ ಬಂದರೂ ಬ್ರೇಕ್ ಹಿಡಿಯುವುದಿಲ್ಲ.

ಇದನ್ನು ಮನೆಯಲ್ಲೇ ಮಕ್ಕಳಿಗೆ ತೋರಿಸಬಹುದು. ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಂಡು, ಒಂದನ್ನು ಎಂಜಿನ್ ಆಯಿಲಿನಲ್ಲಿ, ಇನ್ನೊಂದನ್ನು ಔಡಲ ಎಣ್ಣೆಯಲ್ಲಿ ಒಂದು ವಾರ ಮುಳುಗಿಸಿಡಿ. ಬಳಿಕ ಒರೆಸಿ, ಪಟ್ಟಿಯಿಂದ ಅಳೆಯಿರಿ. ಮೊದಲನೆಯದು ಉಬ್ಬಿ ಸಡಿಲವಾಗಿರುತ್ತದೆ. ಎರಡನೆಯದು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ರಬ್ಬರಿಗೆ ಎಲ್ಲ ಎಣ್ಣೆಯೂ ಒಂದೇ ಅಲ್ಲ ಎಂಬ ಪಾಠಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಮ್ಮ ಹೊಲಗಳ ಔಡಲಕ್ಕೂ ಬ್ರೇಕಿಗೂ ಹಳೆಯ ನಂಟಿದೆ: ಮೊದಮೊದಲಿನ ವಾಹನಗಳ ಬ್ರೇಕ್ ದ್ರವವನ್ನು ಔಡಲ ಎಣ್ಣೆಗೆ ಆಲ್ಕೋಹಾಲ್ ಬೆರೆಸಿ ಮಾಡುತ್ತಿದ್ದರು. ಹಾಗೆಂದು ಇಂದಿನ ಬೈಕಿಗೆ ಗಾಣದ ಔಡಲ ಎಣ್ಣೆಯನ್ನು ಸುರಿಯುವಂತಿಲ್ಲ.

ಎಲ್ಲಿಗೆ ಯಾವುದು?

ಸಾಮಾನ್ಯ ಗ್ರೀಸ್: ಡಬ್ಬಿಗಳಲ್ಲಿ ಸಿಗುವ ಹಳದಿ ಅಥವಾ ಕಂದು ಬಣ್ಣದ ಲಿಥಿಯಂ ಗ್ರೀಸಿನ ಮೂಲ ಹೆಚ್ಚಾಗಿ ಖನಿಜ ತೈಲ. ಚಕ್ರದ ಬೇರಿಂಗ್, ಸ್ಟ್ಯಾಂಡಿನ ಕೀಲು ಮುಂತಾದ ಕಡೆ ಅದು ಉತ್ತಮ. ಕ್ಯಾಲಿಪರಿನ ರಬ್ಬರಿನ ಹತ್ತಿರಕ್ಕೂ ಅದು ಬರಬಾರದು.

ಸಿಲಿಕೋನ್ ಗ್ರೀಸ್: ಕ್ಯಾಲಿಪರ್ ಸರಿದಾಡುವ ಪಿನ್ನುಗಳಿಗೂ ಅವುಗಳ ರಬ್ಬರ್ ಟೋಪಿಗಳಿಗೂ ಇದು ಸರಿಯಾದದ್ದು. ರಬ್ಬರನ್ನು ಉಬ್ಬಿಸುವುದಿಲ್ಲ, ಶಾಖ ತಾಳುತ್ತದೆ, ನೀರಿಗೆ ತೊಳೆದು ಹೋಗುವುದಿಲ್ಲ. ಬ್ರೇಕಿಗಾಗಿಯೇ ತಯಾರಾದದ್ದನ್ನು ಕೊಳ್ಳಬೇಕು.

ರೆಡ್ ರಬ್ಬರ್ ಗ್ರೀಸ್: ಕೆಂಪು ಬಣ್ಣದ, ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಗ್ರೀಸ್. ಪಿಸ್ಟನ್ನಿನ ಸೀಲುಗಳನ್ನು ಕೂಡಿಸುವಾಗ ತೆಳುವಾಗಿ ಸವರಲು ಬಳಸುತ್ತಾರೆ. ಅದು ಸಿಗದಿದ್ದರೆ, ಹೊಸದಾಗಿ ತೆರೆದ ಡಬ್ಬಿಯ ಅದೇ ಬ್ರೇಕ್ ದ್ರವವನ್ನು ಸೀಲಿಗೆ ಸವರಿ ಕೂಡಿಸಬಹುದು. ಬಣ್ಣವೊಂದನ್ನೇ ನಂಬಬಾರದು, ಬೇರಿಂಗಿನ ಗ್ರೀಸಿಗೂ ಕೆಂಪು ಬಣ್ಣ ಬೆರೆಸಿರುವುದುಂಟು. ಲೇಬಲ್ಲಿನಲ್ಲಿ ‘ರಬ್ಬರ್’ ಎಂಬ ಪದ ಇದೆಯೇ ಎಂದು ಓದಬೇಕು.

ಸೆರಾಮಿಕ್ ಅಥವಾ ತಾಮ್ರದ ಪೇಸ್ಟ್: ಹೆಚ್ಚು ಶಾಖ ತಾಳುವ ಈ ಪೇಸ್ಟನ್ನು ಕೆಲವರು ಪ್ಯಾಡಿನ ಬೆನ್ನಿನ ಲೋಹಕ್ಕೆ, ಕಿರಿಕಿರಿ ಸದ್ದು ತಪ್ಪಿಸಲು ಹಚ್ಚುತ್ತಾರೆ. ಬೈಕಿನ ಕೈಪಿಡಿ ಹೇಳಿದ್ದರೆ ಮಾತ್ರ, ಅದೂ ತೀರ ತೆಳುವಾಗಿ. ಇದು ರಬ್ಬರಿಗೂ ತಗಲಬಾರದು, ಪ್ಯಾಡಿನ ಮುಖಕ್ಕೂ ತಗಲಬಾರದು.

ಯಾವ ಗ್ರೀಸ್ ಆದರೂ ಪ್ಯಾಡಿನ ಮುಖಕ್ಕಾಗಲಿ ಡಿಸ್ಕಿಗಾಗಲಿ ಹತ್ತಿದರೆ ಬ್ರೇಕ್ ಜಾರುತ್ತದೆ. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಶುಚಿಗೊಳಿಸಬಹುದು. ಗ್ರೀಸ್ ಹೀರಿದ ಪ್ಯಾಡನ್ನು ಬದಲಿಸುವುದೇ ದಾರಿ.

ಅಳತೆಯೂ ಮುಖ್ಯ. ಪಿನ್ನಿನ ಗುಳಿಯಲ್ಲಿ ಗ್ರೀಸ್ ತುಂಬಿಬಿಟ್ಟರೆ ಒಳಗಿನ ಗಾಳಿಗೆ ಜಾಗವಿಲ್ಲದೆ ಪಿನ್ ಸರಿಯಾಗಿ ಕೂರುವುದಿಲ್ಲ, ಕ್ಯಾಲಿಪರ್ ಸರಿದಾಡುವುದಿಲ್ಲ. ಹಳೆಯ ಗ್ರೀಸನ್ನು ಪೂರ್ತಿ ಒರೆಸಿ ತೆಗೆದು, ಪಿನ್ನಿನ ಮೇಲೆ ತೆಳುಪೊರೆಯಷ್ಟು ಸವರಿದರೆ ಸಾಕು. ಹಳೆಯದರ ಮೇಲೆ ಹೊಸದನ್ನು ಮೆತ್ತಿದರೆ ಎರಡು ಜಾತಿಯ ಗ್ರೀಸ್ ಬೆರೆತು ಎರಡೂ ಕೆಡುತ್ತವೆ.

ನಮ್ಮ ನೆಲ, ನಮ್ಮ ಹವೆ

ಎರೆಮಣ್ಣಿನ ಸೀಮೆಯಲ್ಲಿ ಮಳೆ ಬಂದರೆ ಚಕ್ರಕ್ಕೆ ಮೆತ್ತುವ ಕೆಸರು ಒಣಗಿ ಕಲ್ಲಾಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಹಿಟ್ಟಿನಂಥ ಧೂಳಾಗುತ್ತದೆ. ಪಿನ್ನಿನ ರಬ್ಬರ್ ಟೋಪಿ ಒಂದೆಡೆ ಹರಿದಿದ್ದರೂ ಸಾಕು, ಮಣ್ಣು ಒಳಹೊಕ್ಕು ಗ್ರೀಸಿನೊಡನೆ ಬೆರೆತು ಸಾಣೆಯಂತೆ ಪಿನ್ನನ್ನು ಸವೆಸುತ್ತದೆ. ಆದ್ದರಿಂದ ಪ್ಯಾಡ್ ಬದಲಿಸುವ ಪ್ರತಿಸಲ ಮತ್ತು ಮಳೆಗಾಲ ಮುಗಿದೊಡನೆ ಒಮ್ಮೆ ಪಿನ್ನುಗಳನ್ನು ಬಿಚ್ಚಿಸಿ ನೋಡಿಸುವುದು ಒಳ್ಳೆಯದು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದೆಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿ ಸುಮಾರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಯಾವ ಡಾಟ್ ಎಂಬುದು ದ್ರವದ ಬಟ್ಟಲಿನ ಮುಚ್ಚಳದ ಮೇಲೆಯೇ ಇರುತ್ತದೆ.

ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಹಳೆಯ ಬೈಕುಗಳಲ್ಲಿ ಕ್ಯಾಲಿಪರ್ ಇರುವುದಿಲ್ಲ. ಅಲ್ಲಿ ಶೂಗಳನ್ನು ಅಗಲಿಸುವ ಕ್ಯಾಮಿಗೆ ಮಾತ್ರ ಶಾಖ ತಾಳುವ ಗ್ರೀಸನ್ನು ಕಿಂಚಿತ್ ಹಚ್ಚಬೇಕು; ಶೂಗಳಿಗೆ ತಾಗಬಾರದು. ಡ್ರಮ್ ಆಗಲಿ ಡಿಸ್ಕ್ ಆಗಲಿ, ಅಲ್ಲಿನ ಧೂಳನ್ನು ಬಾಯಿಂದ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಪಾಲಕರು ನೋಡಬೇಕಾದದ್ದು, ಕೇಳಬೇಕಾದದ್ದು

ಬ್ರೇಕ್ ಬಿಚ್ಚುವ ಕೆಲಸವನ್ನು ಬಲ್ಲ ಮೆಕ್ಯಾನಿಕ್ಕರಿಗೇ ಬಿಡೋಣ. ಆದರೆ ನೋಡುವ ಕೆಲಸ ನಮ್ಮದು. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಒಬ್ಬರು ಹಿಂಬದಿಯನ್ನು ಒತ್ತಿ ಹಿಡಿದಾಗ ಮುಂಚಕ್ರವನ್ನು ಕೈಯಿಂದ ತಿರುಗಿಸಿ. ಸಣ್ಣ ಸದ್ದಿನೊಡನೆ ಸುತ್ತಿದರೆ ಸರಿ. ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಹಿಡಿದಿದೆ ಎಂದರ್ಥ. ಎರಡು ಪ್ಯಾಡುಗಳಲ್ಲಿ ಒಂದು ಮಾತ್ರ ಹೆಚ್ಚು ಸವೆದಿದ್ದರೆ ಪಿನ್ನುಗಳು ಬಿಗಿದಿರುವ ಸಾಧ್ಯತೆ ಹೆಚ್ಚು. ಓಡಿಸಿ ಬಂದ ಡಿಸ್ಕನ್ನು ಎಂದಿಗೂ ಮುಟ್ಟಬಾರದು.

ಅಂಗಡಿಯಲ್ಲಿ ಕೇಳಬೇಕಾದ ಮಾತು ಒಂದೇ: ‘ಕ್ಯಾಲಿಪರ್ ಪಿನ್ನಿಗೆ ಯಾವ ಗ್ರೀಸ್ ಹಚ್ಚುತ್ತೀರಿ? ಡಬ್ಬಿ ತೋರಿಸಿ.’ ನಮ್ಮ ಮೆಕ್ಯಾನಿಕ್ಕರು ತೆಲುಗು, ಉರ್ದು, ಕನ್ನಡ ಮೂರನ್ನೂ ಬಲ್ಲವರು; ಕೇಳಿದರೆ ಬೇಸರಪಡುವುದಿಲ್ಲ. ಅವರ ಬಳಿ ಸಿಲಿಕೋನ್ ಗ್ರೀಸ್ ಇಲ್ಲದಿದ್ದರೆ ಸಣ್ಣ ಟ್ಯೂಬೊಂದನ್ನು ನಾವೇ ಕೊಂಡೊಯ್ಯಬಹುದು. ಒಂದು ಟ್ಯೂಬ್ ಹಲವು ಸಲಕ್ಕೆ ಸಾಲುತ್ತದೆ; ನಾಲ್ಕೈದು ಪಾಲಕರು ಸೇರಿ ಕೊಂಡರೂ ಆದೀತು. ಕೆಲಸ ಮುಗಿದ ಮೇಲೆ ಹೊರಡುವ ಮುನ್ನ ಲಿವರನ್ನು ಹಲವು ಬಾರಿ ಒತ್ತಿ, ಅದು ಗಟ್ಟಿಯಾದ ನಂತರವೇ, ಮೊದಲು ಮಕ್ಕಳಿಲ್ಲದೆ ನಿಧಾನವಾಗಿ ಓಡಿಸಿ ನೋಡಬೇಕು.

ಡಬ್ಬಿಯ ಮೇಲಿನ ಅಕ್ಷರ ಇಂಗ್ಲಿಷಿನದು. ಅದನ್ನು ಓದಿ ಅರ್ಥ ಹೇಳುವ ಕೆಲಸವನ್ನು ಎಂಟು, ಒಂಬತ್ತನೆಯ ತರಗತಿಯ ನಿಮ್ಮ ಮಗನಿಗೋ ಮಗಳಿಗೋ ವಹಿಸಿ. ಘರ್ಷಣೆ, ಒತ್ತಡ, ಕುದಿಬಿಂದು ಎಂಬ ಪದಗಳನ್ನು ಅವರು ಕನ್ನಡದಲ್ಲೇ ಕಲಿತಿದ್ದಾರೆ. ಮುಂದೆ ಐಟಿಐ ಸೇರುವ ಮಗುವಿಗೂ ಆ ಪದಗಳು ಉಪಯೋಗಕ್ಕೆ ಬರುತ್ತವೆ. ಸದ್ಯಕ್ಕೆ, ನಾಳೆ ಬೆಳಿಗ್ಗೆ ತಾನು ಕುಳಿತು ಬರುವ ಬೈಕಿನ ಬ್ರೇಕನ್ನು ತಾನೇ ಪರೀಕ್ಷಿಸಲು ಸಾಕಾಗುತ್ತವೆ.